ಆರು ಸೆಂಟಿಮೀಟರ್ ಆಳ

ಪಶುವೈದ್ಯ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ಆಕೆ ಇಪ್ಪತ್ತೇಳು ವರ್ಷದಿಂದ ಎಳೆ ಎಣಿಸುತ್ತಾಳೆ. ನೂಲಿನ ಎಳೆಯಲ್ಲ, ಕುದುರೆಯ ಸ್ನಾಯುವಿನ ಎಳೆ. ಕಾಲೇಜಿನವರ ಬಾಯಲ್ಲಿ ಆಕೆ ಎಣಿಕೆ ಅಕ್ಕ.

ಡಾಕ್ಟರು ಸೂಜಿಯಿಂದ ತೆಗೆದುಕೊಟ್ಟ ಕಾಳಿನಷ್ಟು ಮಾಂಸವನ್ನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಮೂರು ಬಗೆಯ ಎಳೆ ಕಾಣುತ್ತವೆ. ಕಪ್ಪಾಗಿ ಕಾಣುವುದು ನಿಧಾನದ ಎಳೆ, ಸುಲಭಕ್ಕೆ ದಣಿಯುವುದಿಲ್ಲ. ಬೂದು ಬಣ್ಣದ್ದು ಆರಂಭಶೂರ. ಚಿಮ್ಮಿ ಹೊರಡುತ್ತದೆ, ಬೇಗ ಸೋಲುತ್ತದೆ. ಬಿಳಿಯದು ಓಡಲೂ ಬಲ್ಲದು, ತಾಳಲೂ ಬಲ್ಲದು. ಪ್ರಾಣಿಯನ್ನು ತಿಂಗಳುಗಟ್ಟಲೆ ದೂರ ಓಡಿಸಿದರೆ ಬೂದು ಕಡಿಮೆಯಾಗಿ ಬಿಳಿ ಹೆಚ್ಚುತ್ತದೆ.

"ಪಾಠ ಕಲಿಯೋದು ತಲೆ ಒಂದೇ ಅಲ್ಲ, ತೊಡೆನೂ ಕಲಿಯುತ್ತೆ," ಎಂದು ಹೊಸ ವಿದ್ಯಾರ್ಥಿಗಳಿಗೆ ಹೇಳುವುದು ಆಕೆಯ ವಾಡಿಕೆ.

ಆಕೆಯ ತಮ್ಮ ಊರಾಚೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುವವನು. ಅವನ ಪಾಲಿಗೆ ಬಂದದ್ದು ಗಡಿಬಿಡಿ ಎಂಬ ಹೆಣ್ಣುಕುದುರೆ. ಗಿಡ್ಡ ಓಟಗಳಲ್ಲಿ ಒಂದನ್ನೂ ಗೆಲ್ಲದ ಅದಕ್ಕೆ ಲಾಯದ ಯಜಮಾನರು ಎಂಟು ತಿಂಗಳ ಗಡುವು ಕೊಟ್ಟಿದ್ದರು. ದೂರದ ಓಟಕ್ಕೆ ಸ್ನಾಯು ಒಗ್ಗಿದೆಯೆಂದು ಕಾಲೇಜಿನ ವರದಿ ಹೇಳಿದರೆ ಇರಲಿ, ಇಲ್ಲದಿದ್ದರೆ ಮಾರಾಟ. ತಮ್ಮ ಅದನ್ನು ಎಂಟು ತಿಂಗಳು ಗುಡ್ಡ ಹತ್ತಿಸಿ ಇಳಿಸಿದ. ಅವನ ಮೊಣಕಾಲೇ ಸವೆದಿತ್ತು.

"ಏನಕ್ಕಾ, ನನ್ನ ಮಗಳು ಪಾಸೋ ಫೇಲೋ?" ಎಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕೇಳಿದ.

"ಹೊರಗೆ ನಿಂತ್ಕೊ. ನಿನ್ನ ಬೂಟಿನ ವಾಸನೆಗೆ ಎಳೆಗಳೆಲ್ಲ ಎದ್ದು ಓಡ್ತಾವೆ."

ನಗುತ್ತಲೇ ಕಣ್ಣಿಟ್ಟು ನೋಡಿದಳು. ಎಲ್ಲೆಲ್ಲೂ ಬೂದು. ಎಂಟು ತಿಂಗಳ ಹಿಂದಿನ ಗಾಜಿಗಿಂತಲೂ ಹೆಚ್ಚು.

ಆಗ ಆಕೆಗೆ ಸೂಜಿ ನೆನಪಾಯಿತು. ಸೆಂಟಿಮೀಟರಿಗೊಂದು ಗೀಟು ಇರುವ ಆ ಸೂಜಿ ಪ್ರತಿ ಸಲವೂ ಆರನೆಯ ಗೀಟಿನವರೆಗೆ ಇಳಿಯಬೇಕು. ಕುದುರೆಯ ಪಿರ್ರೆಯಲ್ಲಿ ಮೇಲಿನ ಪದರಕ್ಕೆ ಬೂದು ಹೆಚ್ಚು, ಆಳಕ್ಕೆ ಹೋದಷ್ಟೂ ಕಪ್ಪು ಹೆಚ್ಚು. ಆಳ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಮೊನ್ನೆ ಸೂಜಿ ಇಳಿಯುವಾಗ ಗಡಿಬಿಡಿ ಸೊಂಟ ಕೊಡವಿತ್ತು. ತಮ್ಮ ಹಗ್ಗ ಹಿಡಿದು "ನಿಲ್ಲೇ ತಾಯಿ" ಎನ್ನುತ್ತಿದ್ದ. ಆಕೆ ಬೀಳುತ್ತಿದ್ದ ತಟ್ಟೆ ಹಿಡಿದುಕೊಂಡಿದ್ದಳು. ಆರನೆಯ ಗೀಟಲ್ಲದೆ ಐದನೆಯದೂ ಚರ್ಮದ ಹೊರಗೇ ಇತ್ತು, ಸೂಜಿ ನಾಲ್ಕರಲ್ಲೇ ನಿಂತಿತ್ತು. ಕಣ್ಣು ಕಂಡಿತ್ತು, ಮನಸ್ಸಿಗೆ ಹತ್ತಿರಲಿಲ್ಲ.

ಪುಸ್ತಕ ತೆರೆದಳು. ಆಳದ ಅಂಕಣದಲ್ಲಿ ಆರು. ಆಕೆಯದೇ ದುಂಡು ಅಕ್ಷರ. ಯಾವಾಗಲೂ ಆರೇ ತಾನೇ ಎಂದು ಬೆಳಿಗ್ಗೆಯೇ ಆ ಅಂಕಣವನ್ನು ಉದ್ದಕ್ಕೂ ತುಂಬಿಡುವುದು ಆಕೆಯ ರೂಢಿ.

ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದಳು.

"ನನಗೆ ನೆನಪಿಲ್ಲಮ್ಮ, ಕುದುರೆ ಕುಣೀತಿತ್ತು," ಎಂದರು ಅವರು. "ಮೊದಲೇ ಬರೆದಿಡೋದು ಯಾವಾಗಿನಿಂದ?"

"ಸೇರಿದಾಗಿನಿಂದ, ಸರ್."

ಡಾಕ್ಟರು ಕನ್ನಡಕ ತೆಗೆದು ಗೋಡೆಯುದ್ದದ ಕಪಾಟಿನ ಕಡೆ ನೋಡಿದರು. ಇಪ್ಪತ್ತೇಳು ವರ್ಷದ ಪುಸ್ತಕಗಳು ಸಾಲಾಗಿ ನಿಂತಿದ್ದವು. "ಹಾಗಾದ್ರೆ ಅವೆಲ್ಲ?"

"ಮತ್ತೊಮ್ಮೆ ಸೂಜಿ ಹಾಕೋಣ ಸರ್."

"ಗಾಯ ಮಾಯೋಕೆ ತಿಂಗಳಾದರೂ ಬೇಕು." ಆದರೂ ಅವರು ಯಜಮಾನರಿಗೆ ಫೋನ್ ಮಾಡಿದರು. ತಪ್ಪಾಗಿರಬಹುದು, ಕಾಯಿರಿ ಎಂದು ಎರಡು ಸಲ ಹೇಳಿದರು. ಫೋನಿನ ಆಚೆಯ ದನಿ ಆಕೆಗೂ ಕೇಳಿಸುತ್ತಿತ್ತು.

"ಪುಸ್ತಕದಲ್ಲಿ ಆರು ಅಂತಿದೆಯಲ್ಲ ಡಾಕ್ಟ್ರೇ? ನಾಲ್ಕು ಅಂತಿರೋದು ಯಾರು, ನಮ್ಮ ಹುಡುಗನ ಅಕ್ಕ! ಸ್ವಂತ ಅಕ್ಕ ಇನ್ನೇನು ಹೇಳ್ತಾಳೆ?"

ಮಾರಾಟವೇ ಸರಿ ಎಂದು ಯಜಮಾನರು ಫೋನ್ ಇಟ್ಟರು.

ಸೋಮವಾರ ಬೆಳಿಗ್ಗೆ ಲಾಯದ ಮುಂದೆ ಲಾರಿ ಬಂದು ನಿಂತಿತು. ಆಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ತಪ್ಪು ತನ್ನದೆಂದು ತಮ್ಮನಿಗೆ ಆಗಲೇ ಹೇಳಿದ್ದಳು, ಅವನು ಬೈದಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಗಡಿಬಿಡಿಯ ಪಿರ್ರೆಯ ಮೇಲೆ ಅಂಗೈ ಇಟ್ಟಳು. ಇಷ್ಟು ವರ್ಷದಲ್ಲಿ ಸ್ನಾಯುವನ್ನು ಹೀಗೆ ಮುಟ್ಟಿದ್ದೇ ಅಪರೂಪ. ಬೆಚ್ಚಗಿತ್ತು, ಬಿಗಿಯಾಗಿತ್ತು. ಒಳಗೆ ಏನಿದೆಯೆಂದು ಅಂಗೈಗೆ ಹೇಗೆ ತಿಳಿಯಬೇಕು?

ಲಾರಿಗೆ ಆನಿಸಿದ ಹಲಗೆ ಹತ್ತಲು ಕುದುರೆ ತಕರಾರು ಮಾಡಲಿಲ್ಲ. ಗುಡ್ಡ ಹತ್ತಿ ರೂಢಿಯಾಗಿತ್ತಲ್ಲ, ತಮ್ಮನ ಹಿಂದೆಯೇ ಒಂದೇ ಉಸಿರಿಗೆ ಏರಿತು.

"ನೋಡಿದ್ಯಾ? ಮೊದಲು ಇಷ್ಟಕ್ಕೇ ಏದುಸಿರು ಬಿಡ್ತಿತ್ತು," ಎಂದ ತಮ್ಮ ಕೆಳಗಿಳಿದು ಬಂದು. "ಇದನ್ನ ನಿನ್ನ ಪುಸ್ತಕದಲ್ಲಿ ಎಲ್ಲಿ ಬರೀತೀಯಕ್ಕಾ?"

ಲಾರಿಯ ಹಿಂಬಾಗಿಲ ಚಿಲಕ ತುಕ್ಕು ಹಿಡಿದಿತ್ತು. ತಮ್ಮನೊಬ್ಬನಿಂದ ಆಗಲಿಲ್ಲ; ಇಬ್ಬರೂ ಸೇರಿ ಎಳೆದು ಹಾಕಿದರು.