ನಗುವ ಅಂಗಡಿಯಲ್ಲಿ ನಮ್ಮ ಬಸ್ತಾ

ನಮ್ಮಪ್ಪ ಚಿಕ್ಕೋಡಿಯ ಜವಳಿ ಅಂಗಡಿಯೊಂದರ ಗಾದಿಯ ಮೇಲೆ ಎದೆ ಹಿಡಿದುಕೊಂಡು ಬೆವರುತ್ತಿದ್ದಾಗ ಸುತ್ತ ನಿಂತ ಅಂಗಡಿಯವರೆಲ್ಲ ನಗುತ್ತಿದ್ದರು. ಹಲ್ಲು ಕಿಸಿದು ಗೇಲಿ ಮಾಡುವ ನಗುವಲ್ಲ. ಮದುವೆಯ ಫೋಟೊಕ್ಕೆ ನಿಲ್ಲಿಸಿ ನಗಿಸುತ್ತಾರಲ್ಲ, ಅಂಥ ನಗು. ಈ ಮಾತು ಹೇಳಿದರೆ ಇವತ್ತಿಗೂ ಯಾರೂ ನಂಬುವುದಿಲ್ಲ. "ನೀ ಗಾಬರಿ ಆಗಿದ್ದಿ, ನಿನಗ ಹಂಗ ಕಂಡಿರಬೇಕು" ಅನ್ನುತ್ತಾರೆ. ಗಾಬರಿಯಾದವಳಿಗೆ ಕಣ್ಣು ಹೋಗಿಬಿಡುತ್ತವೆಯೇ? ಅವತ್ತು ನನ್ನ ಕಣ್ಣು ಎಂದಿಗಿಂತ ಚೆನ್ನಾಗಿದ್ದವು.

ಅದು ನನ್ನ ತಂಗಿಯ ಮದುವೆಯ ಬಸ್ತಾ. ಮದುವೆಯ ಬಟ್ಟೆ ಕೊಳ್ಳುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಒಂದೇ ಅಂಗಡಿಯಲ್ಲಿ ಎದುರುಬದುರು ಕುಳಿತು ಎಲ್ಲರಿಗೂ ಬಟ್ಟೆ ಆರಿಸಬೇಕು. ಮೊದಲ ಸೀರೆಗೆ ಅರಿಷಿಣ ಕುಂಕುಮ ಹಚ್ಚಿ ಶುರು ಮಾಡಿದರೆ, ಕೊನೆಗೆ ಎಲ್ಲವನ್ನೂ ಗಂಟು ಕಟ್ಟಿ ಮೇಲೊಂದು ತೆಂಗಿನಕಾಯಿ ಇಡುವವರೆಗೆ ಕೆಲಸ ಮುಗಿದಂತಲ್ಲ. ನಮ್ಮ ಮನೆತನದಲ್ಲಿ ಇನ್ನೂ ಒಂದು ಕಟ್ಟು ಇತ್ತು: ಹೆಣ್ಣಿನ ತಂದೆ ಗಾದಿಯ ಮೇಲೆ ಕುಳಿತ ಮೇಲೆ ಗಂಟು ಕಟ್ಟುವ ತನಕ ಏಳುವಂತಿಲ್ಲ. ನಡುವೆ ಎದ್ದರೆ ಅಪಶಕುನ. ನಮ್ಮಪ್ಪ ಐನಾಪುರದ ದ್ರಾಕ್ಷಿ ತೋಟದ ಮನುಷ್ಯ, ಜಾತಕ ಹಿಡಿದು ಬರುವವರನ್ನು ಕಂಡರೆ ನಗುವವನು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಕಲ್ಲು. ನನ್ನ ಬಸ್ತಾದಲ್ಲಿ ಕಾಲು ಜೋಮು ಹಿಡಿದರೂ ಕದಲಿರಲಿಲ್ಲ. ಆಮೇಲೆ ನನ್ನ ಗಂಡನ ಹೆಗಲು ಹಿಡಿದು ಕುಂಟುತ್ತ ಮೆಟ್ಟಿಲಿಳಿದಿದ್ದ.

ಅಂಗಡಿಯೂ ಚಿಕ್ಕೋಡಿಯ ಅದೇ ಆಗಬೇಕು. ನನ್ನನ್ನು ಕೊಟ್ಟಿರುವ ರಾಯಬಾಗದಲ್ಲಿ ಅಂಗಡಿ ಇಲ್ಲವೇ? ತಂಗಿಯನ್ನು ಕೊಡುತ್ತಿದ್ದದ್ದು ಕೊಗನೊಳ್ಳಿಗೆ, ನಿಪ್ಪಾಣಿ ಅವರ ಬಾಗಿಲಲ್ಲೇ ಇದೆ. ಊಹೂಂ. ಅಜ್ಜನ ಕಾಲದಿಂದ ನಮ್ಮ ಮನೆಯ ಹೆಣ್ಣುಮಕ್ಕಳ ಸೀರೆಗಳೆಲ್ಲ ಬಂದದ್ದು ಆ ಅಂಗಡಿಯಿಂದ. ನಾನು ಚಿಕ್ಕವಳಿದ್ದಾಗ ಅಲ್ಲಿಯ ಮಾಲಕರು ಬಾಗಿಲಲ್ಲೇ "ಏನ್ ಕಾಕಾ, ಮಾರಿ ಬಾಡೇತಲ್ಲ, ಉಂಡ ಬಂದಿರೋ ಹಂಗ ಬಂದಿರೋ?" ಎಂದು ಕೇಳಿದ ಮೇಲೆಯೇ ಒಳಗೆ ಬಿಡುತ್ತಿದ್ದರು. ಸೀರೆ ಬಿಚ್ಚಿ ತೋರಿಸುವವರು ಗಿರಾಕಿಗಳನ್ನು ಬಾಯಿಗೆ ಬಂದಂತೆ ಚೇಷ್ಟೆ ಮಾಡುವವರು. ನಮ್ಮವ್ವ ಮುಖ ಸಿಂಡರಿಸಿದರೆ, "ವೈನಿ, ಸೀರಿ ಛಲೋ ಐತ್ರಿ, ನಿಮ್ಮ ಸಿಟ್ಟು ಅದರ ಮ್ಯಾಲ ಯಾಕ?" ಎಂದುಬಿಡುತ್ತಿದ್ದರು. ಅವ್ವ ಬೈಯುತ್ತಲೇ ಕೊಂಡು ಬರುತ್ತಿದ್ದಳು.

ಈಗ ಅವ್ವನೂ ಇಲ್ಲ, ಆ ಹಳೆಯ ಅಂಗಡಿಯೂ ಇಲ್ಲ; ಅದೇ ಜಾಗದಲ್ಲಿ ಗಾಜಿನ ಮೂರಂತಸ್ತು ಎದ್ದಿದೆ. ಒಳಗೆ ಎಸಿ, ಎಲ್ಲರಿಗೂ ಒಂದೇ ಬಣ್ಣದ ಯೂನಿಫಾರ್ಮ್, ಮೂಲೆಮೂಲೆಗೆ ಕ್ಯಾಮೆರಾ. ಬಾಗಿಲು ತೆರೆದ ಕೂಡಲೇ ಕೈ ಮುಗಿದ ಸಾಲೊಂದು "ವೆಲ್‌ಕಮ್ ಸರ್, ವೆಲ್‌ಕಮ್ ಮೇಡಂ" ಎಂದಿತು. ಅಪ್ಪ ಹಿಂದೆ ತಿರುಗಿ ನೋಡಿದ, ಯಾವ ಸಾಹೇಬರು ಬಂದರೋ ಎಂದು. ಯಾರೂ ಇರಲಿಲ್ಲ. "ಯವ್ವಾ, ನಾ ಎಂದ ಸರ್ ಆದೆ? ಕಾಕಾ ಅನ್ನವಾ" ಎಂದ. ಮೂಗುಬೊಟ್ಟಿನ ಹೆಣ್ಣುಮಗಳೊಬ್ಬಳು, ಮದುವೆಯಾದವಳೇ, ಕರಿಮಣಿ ಸರವನ್ನು ಯೂನಿಫಾರ್ಮಿನ ಒಳಗೆ ತೂರಿಸಿಕೊಂಡವಳು, ಅಪ್ಪನ ಮಾತಿಗೆ ಇನ್ನಷ್ಟು ನಕ್ಕು, "ಬಸ್ತಾ ಎರಡನೇ ಮಹಡಿ ಸರ್" ಎನ್ನುತ್ತ ನಮ್ಮ ಜೊತೆಗೇ ಮೇಲೆ ಬಂದಳು.

ಮೇಲೆ ಬಸ್ತಾದ ಗಾದಿಯನ್ನು ಮಾತ್ರ ಉಳಿಸಿಕೊಂಡಿದ್ದರು. ಅಪ್ಪ ಖುಷಿಯಾಗಿ ಲೋಡುದಿಂಬಿಗೆ ಒರಗಿ ಕುಳಿತ. ಎದುರಿಗೆ ಗಂಡಿನ ತಾಯಿ. ಅರ್ಧ ಮರಾಠಿ, ಅರ್ಧ ಕನ್ನಡದ ಜೋರು ಹೆಂಗಸು. ಆಕೆಯನ್ನು ಕಂಡರೆ ಅಪ್ಪನಿಗೆ ಒಳಗೊಳಗೇ ಅಂಜಿಕೆ. ಆಕೆಗೆ ಯಾವ ಸೀರೆಯೂ ಮನಸ್ಸಿಗೆ ಬರಲಿಲ್ಲ. ಒಂದರ ಅಂಚು ಸಣ್ಣದು, ಇನ್ನೊಂದರ ಬಣ್ಣ ಸಪ್ಪೆ, ಮತ್ತೊಂದರಂಥದ್ದನ್ನು ನೆಂಟರಲ್ಲಿ ಯಾರೋ ಆಗಲೇ ಉಟ್ಟಿದ್ದಾರೆ. ಮೂಗುಬೊಟ್ಟಿನವಳು ಬಿಚ್ಚುತ್ತ ಹೋದಳು, ಗಾದಿಯ ಮೇಲೆ ಸೀರೆಗಳ ಗುಡ್ಡೆ ಬೆಳೆಯಿತು. ನಡುವೆ ಬಟಾಟೆ ವಡೆ ತಂದಿಟ್ಟರು. ನಾವು ಜೈನರು, ಬಟಾಟೆ ನಡೆಯುವುದಿಲ್ಲ, ಅಪ್ಪ ಚಹಾವನ್ನಷ್ಟೇ ಕುಡಿದ. ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮಾಡಿದರಾಯಿತು ಎಂದುಕೊಂಡಿದ್ದ.

ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ಅಪ್ಪ ಎಡ ಹೆಗಲನ್ನು ತಿಕ್ಕಿಕೊಳ್ಳುತ್ತಿದ್ದಾನೆ. ಬಗ್ಗಿ ಕೇಳಿದೆ.

"ಏನಿಲ್ಲ, ಕುಂದ್ರು" ಎಂದ.

"ಅಪ್ಪಾ, ಬೆವತೀರಿ."

"ಬೀಗರ ಮುಂದ ಬಾಯಿ ಮಾಡಬ್ಯಾಡ. ಗಂಟ ಕಟ್ಟಲಿ."

ಎಸಿಯ ತಂಪಿಗೆ ನಾನು ಸೆರಗು ಹೊದ್ದು ಕುಳಿತಿದ್ದೆ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಪ್ಪ ನೀರು ಕೇಳಿದ. ಮೂಗುಬೊಟ್ಟಿನವಳು ಓಡಿ ಹೋಗಿ ತಂದಳು. ಲೋಟ ಅವನ ಕೈಯಿಂದ ಜಾರಿ, ಬಿಚ್ಚಿಟ್ಟ ರೇಷ್ಮೆ ಸೀರೆಯ ಮೇಲೆಲ್ಲ ನೀರು ಹರಿಯಿತು. "ತಪ್ಪಾತವಾ" ಎಂದ. ಆ ಧ್ವನಿ ಅಪ್ಪನದಾಗಿರಲಿಲ್ಲ. ಹಾಗೇ ಲೋಡಿನ ಮೇಲೆ ಒಂದು ಕಡೆಗೆ ವಾಲಿದ, ಎದೆ ಹಿಡಿದುಕೊಂಡ.

"ಪರವಾಗಿಲ್ಲ ಸರ್" ಎಂದಳು ಆಕೆ, ನಗುತ್ತ. "ಇನ್ನೇನು ತೋರಿಸಲಿ ಸರ್?"

ನಾನು ಕಿರುಚಿದೆ. ಗಾಡಿ ತರಿಸಿ ಎಂದೆ, ಡಾಕ್ಟರನ್ನು ಕರೆಯಿರಿ ಎಂದೆ. ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಗಳಿಗೆ, ಒಂದೇ ಗಳಿಗೆ, ಆ ಮುಖಗಳಲ್ಲಿ ಹೆದರಿಕೆ ಸುಳಿಯಿತು. ಆಮೇಲೆ ಯಾರೋ ಗುಂಡಿ ಒತ್ತಿದಂತೆ ಎಲ್ಲರೂ ಒಟ್ಟಿಗೆ ನಕ್ಕರು! ಮ್ಯಾನೇಜರ್ ಕೈ ಮುಗಿದು ಮುಂದೆ ಬಂದ. "ಕುಳಿತುಕೊಳ್ಳಿ ಮೇಡಂ. ನಿಮ್ಮ ಸಮಾಧಾನವೇ ನಮಗೆ ಮುಖ್ಯ. ಸರ್‌ಗೆ ಜ್ಯೂಸ್ ತರಿಸ್ತೀವಿ." ಆತನ ಬಾಯಿಂದ ಬರುತ್ತಿದ್ದದ್ದು ಚಿಕ್ಕೋಡಿಯ ಮಾತಲ್ಲ, ಯಾವುದೋ ಕಂಠಪಾಠ. ನಾನು ಬಾಯಿಯವಳು, ಗಂಡನ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿರಿ. ಆದರೆ ಸಾಯುತ್ತಿರುವ ಅಪ್ಪನ ಸುತ್ತ ನಗುತ್ತ ನಿಂತವರಿಗೆ ಏನು ಬೈಯಬೇಕೆಂದು ಯಾರು ಕಲಿತಿರುತ್ತಾರೆ? ತಂಗಿ ಗೋಡೆಗೆ ಅಂಟಿ ನಿಂತುಬಿಟ್ಟಿದ್ದಳು.

ಕದಲಿದ್ದು ಗಂಡಿನ ತಾಯಿ. ಮಡಿಲಲ್ಲಿದ್ದ ಸೀರೆಗಳನ್ನೆಲ್ಲ ಆಚೆ ಎಸೆದು ಎದ್ದಳು. "ಅರೇ, ಮಾಣೂಸ ಮರತೋಯ್! ಮನಶ್ಯಾ ಸಾಯಾಕತ್ತಾನ, ನಗತೀರೇನ್ಲೇ?" ಎಂದು ಅರಚಿ, ಮ್ಯಾನೇಜರನನ್ನು ಪಕ್ಕಕ್ಕೆ ತಳ್ಳಿ, ಅಪ್ಪನ ಕಂಕುಳಿಗೆ ಕೈ ಹಾಕಿದಳು. ಇನ್ನೊಂದು ಕಡೆ ನಾನು. ಅಪ್ಪ ಗಾದಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಗಂಟ ಕಟ್ಟಿಲ್ಲರಿ..."

"ಗಂಟಿಗೆ ಬೆಂಕಿ ಹಚ್ಚಲಿ ಬೀಗಾರ, ಏಳ್ರಿ!"

ಯಾರ ಮುಂದೆ ಬಾಯಿ ಬಿಡಬಾರದೆಂದು ಅಪ್ಪ ಅಷ್ಟು ಹೊತ್ತು ಹಲ್ಲು ಕಚ್ಚಿ ಕುಳಿತಿದ್ದನೋ ಆಕೆಯೇ ಅವನನ್ನು ಎಳೆದುಕೊಂಡು ಲಿಫ್ಟಿನವರೆಗೆ ಒಯ್ದಳು. ಕೆಳಗೆ ಬಾಗಿಲು ತೆರೆದುಕೊಂಡಿತು. ಅಲ್ಲಿ ನಿಂತವನು ಅಪ್ಪನ ತೂಗಾಡುವ ತಲೆಯನ್ನು ನೋಡಿ, ಕೈ ಮುಗಿದು, ನಗುತ್ತ, "ಮತ್ತೆ ಬನ್ನಿ ಸರ್" ಎಂದ. ದೇವರಾಣೆಗೂ ಅಂದ.

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚಿ ನೇರ ಮಿರಜಿಗೆ ಕಳಿಸಿದರು. ಬೀಗರ ಕಾರಿನಲ್ಲಿ ದಾರಿಯುದ್ದಕ್ಕೂ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಮಿರಜಿನ ಡಾಕ್ಟರು ಹೃದಯದ ಕಟ್ಟಿದ ನಾಳ ಬಿಡಿಸಿದ ಮೇಲೆ ಹೊರಗೆ ಬಂದು, ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು. ಆ 'ಸ್ವಲ್ಪ' ಯಾರ ಕೈಯಲ್ಲಿತ್ತು ಎಂಬುದು ನನಗೆ ಗೊತ್ತಿತ್ತು.

ಮರುದಿನ ಮ್ಯಾನೇಜರ್ ಸೇಬು ಹಿಡಿದುಕೊಂಡು ಬಂದ. ವಾರ್ಡಿನ ಹೊರಗೇ ತಡೆದೆ. ಆಸ್ಪತ್ರೆಯಲ್ಲಿ ಆತನ ಬಾಯಿಗೆ ಊರ ಮಾತು ವಾಪಸು ಬಂದಿತ್ತು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಾವು ನಿಮ್ಮನ್ನ ಟೆಸ್ಟಿನ ಗಿರಾಕಿ ಅಂತ ತಿಳ್ಕೊಂಡ್ವಿ."

"ಅಂದ್ರ?"

"ಪುಣೆದಿಂದ ಟ್ರೇನಿಂಗ್ ಕೊಡೋರು ಬರತಾರ್ರಿ. ಗಿರಾಕಿ ಏನ್ ಮಾಡಿದ್ರೂ ನಗು ಬಿಡಬಾರದಂತ ಕಲಿಸ್ಯಾರ. ಆಮ್ಯಾಲ ಒಬ್ಬರನ್ನ ಗಿರಾಕಿ ವೇಷದಾಗ ಕಳಿಸ್ತಾರ, ನಾವು ಹೆಂಗ ನಡಕೋತೀವಿ ಅಂತ ಕ್ಯಾಮೆರಾದಾಗ ನೋಡ್ತಾರ. ಹೋದ ಸಲ ಬಂದಾಕಿ ಚಕ್ಕರ್ ಬಂದಂಗ ಮಾಡಿ ಬಿದ್ಲರಿ. ನಮ್ಮ ಹುಡುಗಿ ಒಬ್ಬಾಕಿ ಗಾಬರಿ ಆಗಿ ಅಳಾಕತ್ಲು. ಆಕಿನ್ನ ಕೆಲಸದಿಂದ ತೆಗದ್ರು."

ಬಿದ್ದ ಹೆಂಗಸನ್ನು ಕಂಡು ಅತ್ತವಳು ಕೆಲಸ ಕಳೆದುಕೊಂಡಿದ್ದಾಳೆ. ನಮ್ಮಪ್ಪನನ್ನು ಕಂಡು ನಕ್ಕವರು ಪಾಸಾಗಿದ್ದಾರೆ. ಸೇಬಿನ ಚೀಲವನ್ನು ಆತನ ಎದೆಗೇ ಒತ್ತಿ, "ನಡೀರಿ" ಎಂದೆ. ಆತ ಹೋಗುತ್ತ, ಅಭ್ಯಾಸಬಲವೋ ಏನೋ, ಕೈ ಮುಗಿದು ನಕ್ಕ.

ಅಪ್ಪ ಮನೆಗೆ ಬಂದ. ಮೆಲ್ಲಗೆ ತೋಟದ ಬದುವಿನವರೆಗೆ ನಡೆದಾಡತೊಡಗಿದ. ಮದುವೆಯನ್ನು ಮುಂದಕ್ಕೆ ಹಾಕಿದ್ದೆವು. ಒಂದು ದಿನ ನನ್ನನ್ನು ಕರೆದು, "ಬಸ್ತಾ ಅರ್ಧಕ್ಕ ನಿಂತೈತಿ. ಅದs ಅಂಗಡ್ಯಾಗ ಮುಗಿಸ್ರಿ" ಎಂದ. ನನಗೆ ಪಿತ್ತ ನೆತ್ತಿಗೇರಿತು. ಆಯಿತು, ಮುಗಿಸಿಯೇ ಬರುತ್ತೇನೆ ಎಂದು ರಾಯಬಾಗದಿಂದ ಒಬ್ಬಳೇ ಬಸ್ಸು ಹತ್ತಿದೆ. ದಾರಿಯಲ್ಲಿ ಬೈಗುಳಗಳನ್ನು ಒಂದೊಂದಾಗಿ ಹೊಂದಿಸಿಕೊಂಡೆ. ಪಕ್ಕದಲ್ಲಿ ಕುಳಿತ ಮುದುಕಿ ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಜಪ ಎಂದುಕೊಂಡು ಕೈ ಮುಗಿದಳು.

ಎರಡನೇ ಮಹಡಿಯಲ್ಲಿ ಮೂಗುಬೊಟ್ಟಿನವಳೇ ಇದ್ದಳು. ನನ್ನನ್ನು ನೋಡಿ ನಕ್ಕಳು. "ವೆಲ್‌ಕಮ್ ಮೇಡಂ."

ಶುರು ಮಾಡಿದೆ. ಮನುಷ್ಯರೋ ಗೊಂಬೆಗಳೋ ಎಂದೆ. ನಿನ್ನ ಅಪ್ಪ ಹಾಗೆ ಬಿದ್ದಿದ್ದರೂ ಹೀಗೇ ಹಲ್ಲು ಬಿಡುತ್ತಿದ್ದೆಯಾ ಎಂದೆ. ಬಸ್ಸಿನಲ್ಲಿ ಹೊಂದಿಸಿಕೊಂಡದ್ದು ಮುಗಿದು ಹೊಸವೂ ಬಂದವು. ಆಕೆ ನಗುತ್ತಲೇ ಇದ್ದಳು. ನಾನು ಏರಿಸಿದಷ್ಟೂ ಆ ನಗು ಅಲ್ಲೇ ಇತ್ತು, ಒಂದು ಎಳೆ ಕಡಿಮೆಯಿಲ್ಲ, ಹೆಚ್ಚಿಲ್ಲ. ಹೊಡೆದೇಬಿಡುತ್ತೇನೆ ಅನ್ನಿಸಿ ಕೈ ಎತ್ತಿ ಹತ್ತಿರ ಹೋದೆ. ಆಗ ಕಂಡಿತು. ಕಣ್ಣಿನಿಂದ ನೀರು ಸುರಿದು, ನಗುತ್ತಿರುವ ತುಟಿಯ ಪಕ್ಕದಿಂದ ಗದ್ದಕ್ಕೆ ಇಳಿಯುತ್ತಿತ್ತು.

ನನ್ನ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಇವಳಿಗೆ ನಾನೂ ಟೆಸ್ಟೇ!

"ನಾ ಖರೇನ ಗಿರಾಕಿವಾ" ಎಂದೆ. "ಆವತ್ತ ಇಲ್ಲೇ ಬಿದ್ದರಲ್ಲ, ಅವರ ಮಗಳು."

"ಗೊತ್ತೈತ್ರಿ ಅಕ್ಕಾರ" ಎಂದಳು, ತುಟಿ ಅಲುಗಿಸದೆ, ನಗು ಬಿಡದೆ. "ನಿಮ್ಮ ಹಿಂದ, ಮ್ಯಾಲ, ಕ್ಯಾಮೆರಾ ಐತ್ರಿ. ಕಾಕಾ ಹೆಂಗದಾರ್ರಿ? ಉಳದಾರ್ರಿ?"

ಕಾಕಾ ಎಂದಳು. ಕೌಂಟರಿನ ಮೇಲಿದ್ದ ಒಂದು ಸೀರೆಯನ್ನು ಬಿಚ್ಚಿ, ಬಣ್ಣ ನೋಡುವವಳಂತೆ ಎರಡೂ ಕೈಯಿಂದ ನನ್ನ ತಲೆಗಿಂತ ಮೇಲೆ ಎತ್ತಿ ಹಿಡಿದೆ. ಈಗ ಕ್ಯಾಮೆರಾಕ್ಕೆ ಆಕೆಯ ಮುಖ ಕಾಣುವಂತಿರಲಿಲ್ಲ.

"ಅರಾಮ ಅದಾರ. ತ್ವಾಟಕ್ಕ ಹೋಗಿ ಬರ್ತಾರ" ಎಂದೆ.

ಸೀರೆಯ ಮರೆಯಲ್ಲಿ ಆ ನಗು ಒಮ್ಮೆಲೇ ಕುಸಿದುಬಿತ್ತು. ಬಾಯಿಗೆ ಅಂಗೈ ಒತ್ತಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ನಡುಗುವಂತೆ ಅತ್ತಳು. ನನ್ನ ಕೈ ಸೋಲತೊಡಗಿತು. ದೂರದಿಂದ ಮ್ಯಾನೇಜರ್ ನೋಡುತ್ತಿದ್ದ. ನಾನು ಅವನ ಕಡೆ ತಿರುಗಿ, ಅವರ ಟ್ರೇನಿಂಗಿನವರೂ ಮೆಚ್ಚುವಂತೆ, ಹಲ್ಲು ಕಾಣುವ ಹಾಗೆ ನಕ್ಕೆ.

"ಇದು ಬ್ಯಾಡ" ಎಂದೆ ಆಕೆಗೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಇನ್ನೊಂದ ತಗೀರಿ. ಅಗಲ ಇರೂದು."