ತಿಳಿನೀರಿಗೆ ಹೆದರುವವರು

ಮಲೇರಿಯಾ ಇಲಾಖೆಯ ಇನ್‌ಸ್ಪೆಕ್ಟರಿಗೆ ಬೀದಿಯವರು ಇಟ್ಟ ಹೆಸರು ಟ್ಯಾಂಕ್ ಮಾವ. ಕೊಳಚೆ ಕಂಡರೆ ಅವರು ಮೂಗು ಕೂಡ ಮುಚ್ಚುವುದಿಲ್ಲ. ತಿಳಿನೀರು ಕಂಡರೆ ಮುಖ ಕಪ್ಪಿಡುತ್ತದೆ. ಮೊಣಕಾಲು ನೋವನ್ನು ಬೈದುಕೊಳ್ಳುತ್ತಲೇ ಮಹಡಿ ಹತ್ತಿ, ಟ್ಯಾಂಕಿನ ಮುಚ್ಚಳ ಸರಿಸಿ, ಬಿಳಿ ಸೌಟಿನಲ್ಲಿ ನೀರು ಮೊಗೆದು, ಉಸಿರು ಬಿಗಿಹಿಡಿದು ನೋಡುತ್ತಾರೆ. “ನಮ್ಮ ನೀರು ಕನ್ನಡಿ ಹಾಗಿದೆ ಅಣ್ಣಾ,” ಎಂದು ಮನೆಯೊಡತಿ ಹೆಮ್ಮೆಪಟ್ಟರೆ, “ಅದೇ ಭಯ ಕಣಮ್ಮಾ. ಆ ಸೊಳ್ಳೆ ಮಹಾರಾಣಿಗೆ ಗಲೀಜು ಆಗಲ್ಲ, ಇಂಥ ನೀರಲ್ಲೇ ಮೊಟ್ಟೆ ಇಡ್ತಾಳೆ,” ಎನ್ನುತ್ತಾರೆ. ನೀರಿನ ಮೈಗೆ ಅಂಟಿ ಮಟ್ಟಸವಾಗಿ ಮಲಗಿದ ಮರಿಹುಳು ಒಂದೇ ಕಂಡರೂ ತುಂಬಿದ ಟ್ಯಾಂಕು ಖಾಲಿಯಾಗಬೇಕು, ಮದುವೆ ಮನೆಯಾದರೂ ಬಿಟ್ಟವರಲ್ಲ. ಗೋಡೆಯ ಸೊಳ್ಳೆಯನ್ನು ಹೊಡೆಯುವ ಮೊದಲು ಅದು ಮಲೇರಿಯಾ ಸೊಳ್ಳೆಯ ಹಾಗೆ ಬಾಲ ಎತ್ತಿ ಕೂತಿದೆಯೇ ಎಂದು ಕತ್ತು ಓರೆ ಮಾಡಿ ನೋಡುತ್ತಾರೆ. ಏಳು ತಿಂಗಳ ಬಸುರಿ ಮಗಳು ತವರಿಗೆ ಬಂದ ಮೇಲಂತೂ ಆ ಕತ್ತು ನೆಟ್ಟಗಾದದ್ದೇ ಇಲ್ಲ. ಬಸುರಿಗೆ ಈ ಜ್ವರ ಬಂದರೆ ಎರಡು ಜೀವದ ಮಾತೆಂದು ಅವರೇ ನೂರು ಮನೆಗಳಲ್ಲಿ ಹೇಳಿದ್ದಾರೆ. ಪಕ್ಕದ ಮನೆಯವರು ತುಂಬಿದ ಟ್ಯಾಂಕಿನ ಮುಚ್ಚಳ ತೆರೆದೇ ಬಿಟ್ಟು, ಬೀಗ ಹಾಕಿಕೊಂಡು ಹೋಗಿ ತಿಂಗಳಾಯಿತು. ಬಾಗಿಲಿಗೆ ಮೂರು ನೋಟಿಸು ಅಂಟಿಸಿದ್ದಾಯಿತು. ಸೊಳ್ಳೆಗೆ ಓದಲು ಬರುವುದಿಲ್ಲ. “ನಿಮಗೆ ಹುಚ್ಚು, ಮಗಳು ಗುಂಡುಕಲ್ಲಿನ ಹಾಗಿದಾಳೆ,” ಎಂದು ಹೆಂಡತಿ ನಗುತ್ತಾಳೆ. ಇವತ್ತು ಮಧ್ಯಾಹ್ನ, ಸೆಕೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿದ್ದ ಹೊತ್ತಿನಲ್ಲಿ, ಒಳಕೋಣೆಯಿಂದ ಮಗಳು ಕೂಗಿದಳು: “ಅಪ್ಪಾ, ಈ ಫ್ಯಾನ್ ಸ್ವಲ್ಪ ಆರಿಸ್ತೀಯಾ? ಯಾಕೋ ಚಳಿ ಚಳಿ.”