ಅಂಬಾಜಿದುರ್ಗದ ಕೆಳಗೊಂದು ಕುಸಿದ ಗೋಡೆ

ಅಂಬಾಜಿದುರ್ಗದ ಬುಡದ ಮೆಟ್ಟಿಲು ಗದ್ದೆಗಳ ಚಿತ್ರ ತೆಗೆಯಲೆಂದು ಚಿಂತಾಮಣಿಯಿಂದ ಬಂದ ನನಗೆ ಮೊದಲು ಸಿಕ್ಕಿದ್ದು ಜಗಳ. ಎಷ್ಟೋ ತಲೆಮಾರುಗಳ ಹಿಂದೆ ಗಾರೆಯಿಲ್ಲದೆ ಬರಿಗಲ್ಲು ಜೋಡಿಸಿ ಕಟ್ಟಿದ ಗೋಡೆಗಳು ಇಲ್ಲಿ ಒಂದೊಂದು ಗದ್ದೆಯನ್ನೂ ಎತ್ತಿ ಹಿಡಿದಿವೆ. ಅವುಗಳಲ್ಲಿ ಒಂದು ನಿನ್ನೆಯ ಮಳೆಗೆ ಮಾರುದ್ದ ಕುಸಿದಿತ್ತು. ಆ ಕಂಡಿಯಿಂದ ಮೇಲಿನ ಗದ್ದೆಯ ನೀರು ಮಣ್ಣನ್ನೂ ಪೈರನ್ನೂ ಹೊತ್ತು ಕೆಳಗೆ ಸುರಿಯುತ್ತಿತ್ತು.

ಮೇಲಿನ ಗದ್ದೆ ನಾರಾಯಣಪ್ಪನದು, ಕೆಳಗಿನದು ಅವನ ಚಿಕ್ಕಪ್ಪನ ಮಗ ಮುನಿಯಪ್ಪನದು. ಭಾಗವಾದಾಗ ನಡುವಿನ ಗೋಡೆ ಯಾರದೆಂದು ಯಾರೂ ಬರೆಸಲಿಲ್ಲವಂತೆ.

“ನಿನ್ನ ಮಣ್ಣು ತಡೆಯೋ ಗೋಡೆ, ನೀನೇ ಕಟ್ಟಣ್ಣ,” ಎಂದ ಮುನಿಯಪ್ಪ.

“ನಿಂತಿರೋದು ನಿನ್ನ ನೆಲದ ಮೇಲೆ ಕಣಪ್ಪ. ಸರ್ವೆಯೋರು ಬಂದು ಹೇಳ್ಲಿ,” ಎಂದ ನಾರಾಯಣಪ್ಪ.

“ಅವರು ಯಾವಾಗ ಬರ್ತಾರೆ?” ಎಂದು ಕೇಳಿದೆ.

“ಅರ್ಜಿ ಯಾರು ಕೊಡ್ಬೇಕು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ ಸಾರ್,” ಎಂದ ನಾರಾಯಣಪ್ಪ.

ನನಗೆ ರೇಗಿಹೋಯಿತು. ಕ್ಯಾಮೆರಾವನ್ನು ಬದುವಿನ ಮೇಲಿಟ್ಟು, ಪ್ಯಾಂಟು ಮಡಚಿ ಕೆಸರಿಗಿಳಿದು, ಬಿದ್ದಿದ್ದ ಕಲ್ಲೊಂದನ್ನು ಎತ್ತಿ ಕಂಡಿಗೆ ಇಡಹೋದೆ.

“ಅಯ್ಯೋ, ಮುಟ್ಬೇಡಿ ಸಾರ್!” ಇಬ್ಬರೂ ಒಟ್ಟಿಗೆ ಕೂಗಿದರು. “ಸರ್ವೆಯೋರು ಬರೋವರೆಗೂ ಬಿದ್ದದ್ದು ಬಿದ್ದಂಗೇ ಇರ್ಬೇಕು.”

ಕಲ್ಲನ್ನು ನಿಂತಲ್ಲೇ ಕೆಸರಿಗೆ ಬಿಟ್ಟೆ. ನನ್ನ ಕಾಲಡಿಯ ಮಣ್ಣು ಇನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು.

“ಅಲ್ಲಲ್ಲ ಸಾರ್, ಆ ಕಲ್ಲು ಬಿದ್ದಿದ್ದು ಒಂದು ಗೇಣು ಈ ಕಡೆಗೆ,” ಎಂದ ಮುನಿಯಪ್ಪ.

“ಹೌದು ಸಾರ್,” ಎಂದ ನಾರಾಯಣಪ್ಪ, “ತಮ್ಮ ಹೇಳೋದು ಸರಿ.”